ಕಂಪನಿಯ ಬಿಸಿನೀರು

ಭೀಮರಾಜನ ತಿಥಿ ಮುಗಿದ ಮರುದಿನ ಬೆಳಿಗ್ಗೆ ಅವನ ಹೆಂಡತಿ ಅನಿತ ಬಾಗಿಲು ತೆರೆದರೆ ಹೊರಗೆ ಬಕೆಟ್ಟುಗಳ ಸಾಲು. ಬಕೆಟ್ಟುಗಳ ಹಿಂದೆ ಬೀದಿಯ ಹೆಂಗಸರು. ಮುಖದಲ್ಲಿ ದುಃಖ, ಹೆಗಲ ಮೇಲೆ ಟವೆಲು.

"ಸೂತಕ ಕಳೀತಲ್ಲಮ್ಮ," ಎಂದಳು ಪಕ್ಕದ ಮನೆಯ ಆದಿಲಕ್ಷ್ಮಮ್ಮ, ತನ್ನ ಬಕೆಟ್ಟನ್ನು ಕಾಲಿನಿಂದಲೇ ಮುಂದೆ ತಳ್ಳುತ್ತ. "ಸೂತಕದ ಮನೆ ನೀರು ಮುಟ್ಟಬಾರ್ದು ಅಂತ ಇಷ್ಟು ದಿನ ತಣ್ಣೀರಲ್ಲೇ ಮಿಂದ್ವಿ. ಮಂಡಿ ಹಿಡ್ಕೊಂಡ್ಬಿಟ್ಟದೆ. ಪಾಪ, ಅವನಿದ್ದಿದ್ರೆ ತಾನೇ ತುಂಬಿಸ್ಕೊಡ್ತಿದ್ದ."

ಭೀಮರಾಜ ನೆಲಮಂಗಲ ರಸ್ತೆಯ ದೊಡ್ಡ ಸೋಲಾರ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಬಿಸಿಲಿನಿಂದ ಕರೆಂಟು ಮಾಡುವ ಹಲಗೆ, ನೀರು ಕಾಯಿಸುವ ಪೆಟ್ಟಿಗೆಗಳನ್ನು ಲಾರಿಗಟ್ಟಲೆ ಹೊರದೇಶಕ್ಕೆ ಕಳಿಸುವ ಕಾರ್ಖಾನೆ ಅದು. ಹೋದ ವರ್ಷ ಅವನು ಮನೆಯ ಮಾಳಿಗೆ ಮೇಲೆ ಒಂದು ಗಾಜಿನ ಪೆಟ್ಟಿಗೆಯನ್ನು, ಅದರ ನೆತ್ತಿಗೆ ತುಂಬಿದ ಬಸುರಿಯಂಥ ತಗಡಿನ ಡ್ರಮ್ಮನ್ನು ಕೂರಿಸಿ, "ಪರೀಕ್ಷೆಗೆ ಅಂತ ಕಂಪನಿಯೋರು ಕೊಟ್ಟವ್ರೆ, ವಾಪಸ್ ಕೊಡ್ಬೇಕು" ಎಂದಿದ್ದ. ಇಡೀ ನೇಕಾರರ ಬೀದಿ ಪರೀಕ್ಷೆಗೆ ನೆರವಾಯಿತು. ಅವನ ಸರದಿ ಬರುವ ಹೊತ್ತಿಗೆ ನಲ್ಲಿಯಲ್ಲಿ ಬರೀ ತಣ್ಣೀರು. ಅನಿತ ಬೈದರೆ, "ನಂಗೆ ಇದೇ ನ್ಯಾಯ ಬಿಡು," ಎಂದು ನಡುಗುತ್ತ, ನಗುತ್ತ ಮೀಯುತ್ತಿದ್ದ.

ಒಳಗೆ ಅತ್ತೆ ಮುನಿತಾಯಮ್ಮ ಕಾಫಿ ಮುಟ್ಟದೆ ಕೂತಿದ್ದಳು. "ಎರವಲು ತಂದ ಸಾಮಾನು ಇಟ್ಕೊಂಡು ಹೋದ್ನಲ್ಲ ನನ್ ಮಗ. ಅದನ್ನ ಕೊಡೋಗಂಟ ಅವನಿಗೆ ದಾರಿ ಸಿಗಲ್ಲ, ನಂಗೆ ತುತ್ತು ಇಳಿಯಲ್ಲ."

ಸಾವಾದಾಗಿನಿಂದ ಅನಿತಳಿಗೆ ಅಳುವೂ ಬಂದಿರಲಿಲ್ಲ, ಹಸಿವೂ ಆಗಿರಲಿಲ್ಲ. ಮಾಡಲು ಒಂದು ಕೆಲಸ ಸಿಕ್ಕಿತಲ್ಲ ಎನಿಸಿತು. "ಇವತ್ತೇ ಕೊಟ್ಟು ಬರ್ತೀನಿ ಅತ್ತೆ," ಎಂದಳು.

ಸುದ್ದಿ ಬೀದಿಯ ತುದಿ ಮುಟ್ಟುವ ಮುಂಚೆಯೇ ಆದಿಲಕ್ಷ್ಮಮ್ಮನ ಗಂಡ ಬಚ್ಚಪ್ಪ ಮಗ್ಗ ನಿಲ್ಲಿಸಿ ಓಡಿಬಂದ. ಮೀಸೆಯಲ್ಲಿ ಇನ್ನೂ ರೇಷ್ಮೆ ಎಳೆ.

"ಬೇಡ ಕಣಮ್ಮ, ಇವತ್ತು ಮಂಗಳವಾರ."

"ಬುಧವಾರ, ಬಚ್ಚಪ್ಪನವ್ರೇ."

"ಅದು ಇನ್ನೂ ಕೆಟ್ಟದ್ದು!"

"ಲೇ, ನಿಂಗ್ಯಾಕೋ ಹೊಟ್ಟೆನೋವು?" ಎಂದ ಮೆಟಡೋರ್ ತಂದಿದ್ದ ಬೈರಪ್ಪ, ಸ್ಪ್ಯಾನರ್ ಹಿಡಿದು ಏಣಿ ಹತ್ತುತ್ತ.

"ಹೊಟ್ಟೆನೋವು ನಂಗೆ ಕಣಪ್ಪ," ಎಂದಳು ಆದಿಲಕ್ಷ್ಮಮ್ಮ. "ನಮ್ಮವ್ವ ಮದುವೇಲಿ ಕೊಟ್ಟ ತಾಮ್ರದ ಹಂಡೇನ ಹೋದ ವರ್ಷ ಕಳ್ಳ ಹೊತ್ಕೊಂಡೋದ. ಈಗ ಇದೂ ಹೋದ್ರೆ ನೀರು ಕಾಯಿಸೋದು ಯಾತರಲ್ಲಿ? ಆ ಹಂಡೆ ಕದ್ದೋನಿಗೆ ಜನ್ಮದಲ್ಲಿ ಒಂದು ಚೊಂಬು ಬಿಸಿನೀರು ಸಿಗದೇ ಹೋಗ್ಲಿ!" ಈ ಶಾಪ ಬೀದಿಗೆ ಹೊಸದಲ್ಲ. ದಿನಾ ಬೆಳಿಗ್ಗೆ ರೇಡಿಯೋದ ಭಕ್ತಿಗೀತೆಯ ಜೊತೆ ಕೇಳಿಬರುವಂಥದ್ದೇ.

ಮೇಲೆ ಬೈರಪ್ಪ ಬಿಚ್ಚಬಾರದ ನಲ್ಲಿಯನ್ನೇ ಬಿಚ್ಚಿದ. ಉಳಿದಿದ್ದ ಬಿಸಿನೀರೆಲ್ಲ ದಬದಬನೆ ಇಳಿದು, ಕೆಳಗೆ ಗಳಕ್ಕೆ ಒಣಹಾಕಿದ್ದ ಕೆಂಪು ನೂಲಿನ ಲಡಿಗಳ ಮೇಲೆ ಬಿತ್ತು. ಅಲ್ಲಿಂದ ಬಣ್ಣ ಕಟ್ಟಿಕೊಂಡು, ಅಡ್ಡಗಟ್ಟಲು ಕೈ ಚಾಚಿ ನಿಂತಿದ್ದ ಬಚ್ಚಪ್ಪನ ಬಿಳಿ ಪಂಚೆಯ ಮೇಲೆ ಬಿತ್ತು. ಓಕುಳಿಯಾಡಿದ ಮದುಮಗನಂತಾದರೂ ಅವನು ಜಾಗ ಬಿಡಲಿಲ್ಲ. ಸಾಮಾನು ಗಾಡಿಗೆ ಏರಿದ ಮೇಲೆ ತಾನೂ ಹತ್ತಿ, "ಹೆಣ್ಣೊಬ್ಳೇ ಹೋಗ್ಬಾರ್ದು," ಎಂದು ದಾರಿಯುದ್ದಕ್ಕೂ ಡ್ರಮ್ಮನ್ನು ತಬ್ಬಿಕೊಂಡು ಕೂತ.

ಕಾರ್ಖಾನೆಯ ಗೇಟು ಆನೆ ಹೋಗುವಷ್ಟು ಅಗಲ. ಆದರೆ ಕಾವಲುಗಾರ ಇರುವೆಯನ್ನೂ ಬಿಡುವವನಲ್ಲ.

"ಹೊರಗೆ ಹೋಗೋ ಸಾಮಾನಿಗೆ ನಮ್ಮಲ್ಲಿ ರೂಲ್ಸಿದೆ. ಹೊಸದಾಗಿ ಒಳಗೆ ಬರೋದಕ್ಕೂ ಇದೆ. ತಗೊಂಡು ಹೋಗಿದ್ದನ್ನ ವಾಪಸ್ ತಂದೋರನ್ನ ನಾನು ನೋಡೇ ಇಲ್ಲಮ್ಮ. ಗಾಡಿ ತಿರುಗ್ಸಿ."

ಅಷ್ಟರಲ್ಲಿ ಬಚ್ಚಪ್ಪ ಇಣುಕಿದ. ಕೆಂಪು ಪಂಚೆ ಕಂಡದ್ದೇ ಕಾವಲುಗಾರ, "ಅಯ್ಯೋ, ಆಕ್ಸಿಡೆಂಟಾ!" ಎಂದು ಗೇಟು ತೆಗೆದೇಬಿಟ್ಟ. ಬಾರದ ನೋವಿಗೆ ಮುಲಾಮು ಹಚ್ಚಿಸಿಕೊಂಡು ಬಚ್ಚಪ್ಪ ಫಸ್ಟ್ ಏಡ್ ಕೋಣೆಯಿಂದ ಹೊರಬರುವ ಹೊತ್ತಿಗೆ ಸ್ಟೋರಿನ ಆದಿನಾರಾಯಣಪ್ಪ ಮೆಟಡೋರ್ ಸುತ್ತ ಒಂದು ಪ್ರದಕ್ಷಿಣೆ ಮುಗಿಸಿದ್ದರು.

"ಇದು ಕಂಪನಿದಲ್ಲಮ್ಮ," ಎಂದರು.

ಅನಿತಳಿಗೆ ಅತ್ತೆ ಮುಟ್ಟದ ಕಾಫಿ ಕಣ್ಣಿಗೆ ಕಟ್ಟಿತು. "ಸರಿಯಾಗಿ ನೋಡಿ ಸಾರ್. ಪರೀಕ್ಷೆಗೆ ಅಂತ ನೀವೇ ಕೊಟ್ಟಿದ್ದು."

"ಗಾಜಿನ ಪೆಟ್ಟಿಗೆ ಮೂಲೆ ಸೊಟ್ಟ ಅಂತ ನಾವು ಗುಜರಿಗೆ ಹಾಕಿದ್ದು. ಭೀಮರಾಜ ದುಡ್ಡು ಕೊಟ್ಟೇ ಕೊಂಡ. ಅದು ನಿಮ್ದೇ. ಈ ಡ್ರಮ್ಮಂತೂ ನಮ್ಮಲ್ಲಿ ಹುಟ್ಟಿದ್ದೇ ಅಲ್ಲ." ಅವರು ತಗಡನ್ನು ಸರಿಸಿದರು. ಒಳಗೆ ಗೋಣಿತಾಟು, ಅದರೊಳಗೆ ಹುಲ್ಲು. ಹುಲ್ಲು ಕಿತ್ತರೆ ಥಳಥಳನೆ ತಾಮ್ರ. ಹಂಡೆಯ ಕಂಠದಲ್ಲಿ ಉಳಿಯಿಂದ ಕೊರೆದ ಅಕ್ಷರ: 'ಚಿ. ಸೌ. ಆದಿಲಕ್ಷ್ಮಿಗೆ ತವರಿನ ಉಡುಗೊರೆ.'

ಎಲ್ಲರೂ ಬಚ್ಚಪ್ಪನ ಕಡೆ ತಿರುಗಿದರು. ಅವನು ಮುಲಾಮಿನ ವಾಸನೆಯ ಹಿಂದೆ ಅಡಗಲು ನೋಡಿದ.

"ಒಂದು ವಾರಕ್ಕೆ ಎರವಲು ಕೊಡು ಅಂದ ಕಣಮ್ಮ. ಅವಳು ತವರಿಗೆ ಹೋಗಿದ್ಲು, ಕೊಟ್ಬಿಟ್ಟೆ. ಬಂದೋಳು ಕಳ್ಳ ಕಳ್ಳ ಅಂತ ಊರೇ ಎದ್ದು ಕೂರೋಹಂಗೆ ಕೂಗಿದ್ಲು. ಆಮೇಲೆ ಹೆಂಗ್ ಬಾಯಿ ಬಿಡ್ಲಿ? ನಾನೇ ಅವನಿಗೆ ಆಣೆ ಹಾಕ್ಸಿದ್ದೆ, ಹೇಳ್ಬೇಡ ಅಂತ. ಅಷ್ಟರಲ್ಲಿ ಅವನು ಪೈಪಿಗೆ ಅಂತ ಎರಡು ತೂತ ಬೇರೆ ಕೊರ್ದಿದ್ದ."

"ಕಂಪನಿದು ಅಂತ ಯಾಕೆ ಹೇಳಿದ್ರು?"

"ಭೀಮರಾಜ ಮಾಡಿದ್ದು ಅಂದಿದ್ರೆ ನಮ್ ಬೀದಿಲಿ ಯಾರು ತಲೆಗೆ ಹುಯ್ಕೋತಿದ್ರು, ನೀನೇ ಹೇಳು!"

ಅನಿತ ನಕ್ಕಳು. ಇಷ್ಟು ದಿನಗಳ ಮೇಲೆ ತನ್ನ ಗಂಟಲಿನಿಂದ ಬಂದ ಸದ್ದು ಅವಳಿಗೇ ಗುರುತು ಸಿಗಲಿಲ್ಲ.

ವಾಪಸು ಬರುವಾಗ ಬಚ್ಚಪ್ಪ ಬೀಡಿಯ ನೆಪ ಹೇಳಿ ಬಸ್ ಸ್ಟ್ಯಾಂಡಿನಲ್ಲೇ ಇಳಿದುಕೊಂಡ. ಅನಿತ ಒಬ್ಬಳೇ ಹಂಡೆಯನ್ನು ತಬ್ಬಿ ತಂದು ಆದಿಲಕ್ಷ್ಮಮ್ಮನ ಹೊಸ್ತಿಲ ಮೇಲಿಟ್ಟಳು.

"ನಮ್ಮನೆಯವ್ರು ಎರವಲು ತಂದಿದ್ರಂತೆ. ಮಾಳಿಗೆ ಮೇಲೆ ನೀರು ಕಾಯಿಸ್ತಿದ್ದದ್ದು ಇದೇ. ವಾಪಸ್ ಕೊಡ್ತಿದ್ದೀನಿ."

ಆದಿಲಕ್ಷ್ಮಮ್ಮ ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಬೆರಳು ಜಾರುತ್ತ ಹೋಗಿ ತೂತಿನೊಳಗೆ ಇಳಿಯಿತು. ಬೀದಿಯೆಲ್ಲ ಶಾಪಕ್ಕೆ ಕಾದು ನಿಂತಿತು. ಬೈಗುಳ ಬರಲಿಲ್ಲ. ಅವಳು ಹಂಡೆಯ ಪಕ್ಕದಲ್ಲೇ ಕುಸಿದು ಕೂತಳು.

"ಅವನು ಒಂದು ದಿನಾನಾದ್ರೂ ಬಿಸಿನೀರು ಮಿಂದ್ನೇನೇ?"

"ಇಲ್ಲ."

ಆದಿಲಕ್ಷ್ಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಹಂಡೆಯನ್ನು ಎತ್ತಿ ಅನಿತಳ ಸೊಂಟಕ್ಕೇ ಒರಗಿಸಿದಳು.

"ತೂತಿರೋ ಹಂಡೆ ಇಟ್ಕೊಂಡು ನಾನೇನ್ ಮಾಡ್ಲಿ? ಅವನು ತಂದಿದ್ದನ್ನ ನೀನು ಕೊಟ್ಟಾಯ್ತು. ಈಗ ನಿಂಗೆ ನಾನೇ ಎರವಲು ಕೊಡ್ತಿದ್ದೀನಿ. ನಾಳೆನೇ ಮೇಲೆ ಕೂರಿಸು. ಮೊದಲ್ನೇ ಬಕೆಟ್ ನಿಂದು. ಎರಡನೇದು ನಂದು. ನಾನಿಲ್ದಾಗ ಇದನ್ನ ಎತ್ತಿಕೊಟ್ಟ ಆ ನನ್ ಗಂಡನಿಗೆ ಮಾತ್ರ ಒಂದು ಚೊಂಬೂ ಕೊಡ್ಬೇಡ."

ಗೋಡೆಯಾಚೆಯಿಂದ ಮುನಿತಾಯಮ್ಮನ ದನಿ ಬಂತು. "ಅನಿತಾ, ಕೊಟ್ಟು ಆಯ್ತೇನಮ್ಮ? ಊಟ ಮಾಡ್ಲಾ?"

ಸೊಂಟದ ಮೇಲಿನ ಹಂಡೆಯನ್ನು ಸರಿಮಾಡಿಕೊಳ್ಳುತ್ತ ಅನಿತ, "ಕೊಟ್ಟೆ ಅತ್ತೆ, ಊಟ ಮಾಡಿ," ಎಂದಳು.