ಜನರೇಟರಿಗೊಂದು ಅರಮನೆ

ಶಿರಾ ಗೇಟಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿರುವ ಮನ್ಸೂರ್ ಅಲಿಯ ಮನೆ, ಅಂದರೆ ನನ್ನ ಮನೆ, ಇನ್ನು ಮೇಲೆ ಕತ್ತಲೆಯನ್ನೇ ಕಾಣಕೂಡದು! ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ನಾನು ಹೀಗೆಂದು ಘೋಷಿಸಿದೆ. ಆಗೆಲ್ಲ ಸಂಜೆಯಾದರೆ ಸಾಕು, ಕರೆಂಟು ಹೋಗುತ್ತಿತ್ತು. ಊರೆಲ್ಲ ಸೀಮೆಎಣ್ಣೆ ಬುಡ್ಡಿಗಾಗಿ ತಡಕಾಡುವಾಗ ನಮ್ಮ ಮನೆಯೊಂದು ಝಗಝಗಿಸಬೇಕೆಂದು ಬೆಂಗಳೂರಿನ ಹರಾಜಿನಿಂದ ಹಳೆಯ ಪೆಟ್ರೋಲ್ ಜನರೇಟರ್ ಹೊತ್ತು ತಂದೆ. ಪೆಟ್ರೋಲ್ ಯಾಕೆಂದು ನನ್ನ ಸ್ವಂತ ಬುದ್ಧಿಯಿಂದ ಅದನ್ನು ಅಡುಗೆ ಗ್ಯಾಸಿನಲ್ಲಿ ಓಡುವಂತೆ ತಿದ್ದಿದೆ.

ಹೆಂಡತಿ ಅಖ್ತರ್ ಬಾನು ಅದರ ಸುತ್ತ ಒಮ್ಮೆ ನಡೆದು ನೋಡಿದಳು. ಮನೆಯಲ್ಲಿ ನಾವಾಡುವುದು ಉರ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳ ಮಾತಿನ ಖಾರ ಎಲ್ಲಾದರೂ ಕಡಿಮೆಯೆನಿಸಿದರೆ ತಪ್ಪು ನನ್ನದು, ಅವಳದ್ದಲ್ಲ.

"ಇದನ್ನ ಎಲ್ಲಿಡ್ತೀರಿ?"

"ನಡುಮನೆಯಲ್ಲಿ. ಬಂದವರ ಕಣ್ಣಿಗೆ ಬೀಳಬೇಕಲ್ಲ."

"ಹೊಗೆ ಬಿಡಲ್ವಾ?"

"ಸ್ವಲ್ಪ ಬಿಡುತ್ತೆ."

"ಬೀಡಿ ಸೇದ್ತಾರೆ ಅಂತ ನಮ್ಮ ಅಬ್ಬಾನೇ ಹೊರಗೆ ಕೂರಿಸ್ತೀನಿ. ಇದನ್ನ ಒಳಗೆ ಬಿಡ್ತೀನಾ?"

ಸರಿ, ಹಿತ್ತಿಲಿಗೆ ಹೋಯಿತು. ಆದರೆ ಅಂಥ ಯಂತ್ರವನ್ನು ಬಯಲಲ್ಲಿ ನಿಲ್ಲಿಸುವುದುಂಟೇ? ಮಳೆ ಬಂದರೆ? ಕಳ್ಳ ಬಂದರೆ? ಎದುರು ಮನೆ ಭದ್ರಮ್ಮನವರು ಸದ್ದೆಂದು ಜಗಳಕ್ಕೆ ಬಂದರೆ? ಅಡುಗೆಮನೆ ಗೋಡೆಗೆ ಒತ್ತಿಕೊಂಡಂತೆ ಇಟ್ಟಿಗೆಯ ಕೋಣೆ ಕಟ್ಟಿಸಿದೆ. ಕಬ್ಬಿಣದ ಬಾಗಿಲು, ದಪ್ಪನೆ ಸಿಮೆಂಟ್ ಗಾರೆ, ಇರುವೆ ನುಗ್ಗಲೂ ಸಂದಿಯಿಲ್ಲ. ನನ್ನ ಪಾಲಿಗೆ ಅದು ಅರಮನೆ!

"ಕಿಟಕಿನೇ ಇಲ್ವಲ್ರೀ?"

"ಮಿಷನ್ನಿಗೆ ಕಿಟಕಿ ಯಾಕೆ, ಬೀದಿ ನೋಡೋಕಾ?"

ಅವಳು ಕಬ್ಬಿಣದ ಬಾಗಿಲನ್ನೊಮ್ಮೆ ತಟ್ಟಿ ನೋಡಿ ಮನೆಯೊಳಗೆ ಹೋದಳು. ಆಗಲೇ ನಾನು ಹೆದರಬೇಕಿತ್ತು.

ಅದೇ ವಾರ ಗುಬ್ಬಿಯ ಕೊಬ್ಬರಿ ವ್ಯಾಪಾರಿ ಕರೀಂ ಸಾಬರು ನನ್ನ ತಂಗಿ ಶಮೀಮಳನ್ನು ಮಗನಿಗೆ ಕೇಳಲು ಮನೆಮಂದಿಯೊಂದಿಗೆ ಬಂದರು. ಜೊತೆಗೆ ಅವರ ವಯಸ್ಸಾದ ತಾಯಿ ಮಸ್ತಾನ್ ಬೀ. ಒಳ್ಳೆಯ ಸಂಬಂಧ; ಶಮೀಮಳಿಗೂ ಮನಸ್ಸಿತ್ತು. ಊರವರೆಲ್ಲ ಕರೆಂಟು ಹೋಗದಿರಲೆಂದು ಬೇಡಿಕೊಳ್ಳುತ್ತಿದ್ದರೆ ನಾನೊಬ್ಬ ಬೇಗ ಹೋಗಲೆಂದು ಕಾಯುತ್ತಿದ್ದೆ. ಅಡುಗೆಮನೆಯ ಸಿಲಿಂಡರನ್ನು ಆಗಲೇ ಅರಮನೆಗೆ ಸಾಗಿಸಿದ್ದೆ. ಪಾಪ, ಅಖ್ತರ್ ಬಾನು ಹಿತ್ತಿಲ ಇನ್ನೊಂದು ತುದಿಯಲ್ಲಿ ಮೂರು ಕಲ್ಲು ಹೂಡಿ, ಸೌದೆ ಒಲೆಯ ಮೇಲೆ ಬಿರಿಯಾನಿಗೆ ಕೂತಿದ್ದಳು.

ಸಂಜೆಯ ಮಗ್ರಿಬ್ ನಮಾಜು ಮುಗಿಯುತ್ತಿದ್ದಂತೆ ಕರೆಂಟು ಹೋಯಿತು. ನಾನು ಓಡಿ ಜನರೇಟರ್ ಚಾಲೂ ಮಾಡುವ ಹಗ್ಗ ಎಳೆದೆ, ಬಾಗಿಲು ಜಡಿದೆ. ಬಲ್ಬುಗಳು ಹೊತ್ತಿಕೊಂಡವು.

"ಭೇಷ್, ಮನ್ಸೂರ್ ಭಾಯ್. ಗುಬ್ಬೀಲಿ ಯಾರ ಮನೇಲೂ ಇಂಥದ್ದಿಲ್ಲ," ಎಂದರು ಕರೀಂ ಸಾಬರು.

ನಾನು ವಿದ್ಯುಚ್ಛಕ್ತಿಯ ಬಗ್ಗೆ ಉಪನ್ಯಾಸ ಆರಂಭಿಸಿದೆ. ಚಹಾ ಮುಗಿಯುವ ಮೊದಲೇ ಬಲ್ಬುಗಳು ಕೆಂಪಗಾದವು, ಮಿಣುಕಿದವು, ಆರಿದವು. ಹಿತ್ತಿಲಲ್ಲಿ ಬಿರಿಯಾನಿ ದಮ್ಮಿಗೆ ಕೂತಿತ್ತು, ಅರಮನೆಯಲ್ಲಿ ಜನರೇಟರಿನ ದಮ್ಮೇ ಹೋಗಿತ್ತು! ಬಾಗಿಲು ತೆಗೆದರೆ ಹೊಗೆ ನನ್ನ ಮುಖಕ್ಕೇ ರಾಚಿತು. ತಾನು ಬಿಟ್ಟ ಹೊಗೆಯಲ್ಲಿ ತಾನೇ ಉಸಿರುಗಟ್ಟಿ ನಿಂತಿತ್ತು ಯಂತ್ರ. ಕೆಮ್ಮುತ್ತಲೇ ಹಗ್ಗ ಎಳೆದೆ, ಕತ್ತಲಲ್ಲಿ ಸಿಲಿಂಡರಿನ ರಬ್ಬರ್ ಪೈಪನ್ನು ಹಿಡಿದು ಜಗ್ಗಿದೆ. ಬುಸ್ಸೆಂದಿತು. ಜೀವ ಬಂತೆಂದು ಹಿಗ್ಗಿದೆ.

"ಕಾಣಿಸ್ತಿಲ್ವಾ? ತಡೀರಿ, ನನ್ನತ್ರ ಕಡ್ಡಿಪೆಟ್ಟಿಗೆ ಐತೆ," ಎನ್ನುತ್ತ ಕರೀಂ ಸಾಬರು ಹಿಂದೆಯೇ ಬಂದರು.

"ಸಾಬ್, ಕಡ್ಡಿ ಗೀರಬೇಡಿ. ಅಲ್ಲೇ ನಿಲ್ಲಿ."

ಅಖ್ತರ್ ಬಾನು ಕೂಗಲಿಲ್ಲ. ಆದರೆ ಆ ದನಿಗೆ ಕರೀಂ ಸಾಬರ ಕೈ ಪೆಟ್ಟಿಗೆಯ ಮೇಲೆಯೇ ನಿಂತುಹೋಯಿತು. ಆಗ ನನಗೂ ಗ್ಯಾಸಿನ ವಾಸನೆ ಬಡಿಯಿತು. ಪೈಪು ಕಳಚಿ ನನ್ನ ಕೈಗೇ ಬಂದಿತ್ತು.

ಬೆಳಗ್ಗೆಯಿಂದ ಮಾಡಿದ ಬಿರಿಯಾನಿ ಎಂದೂ ನೋಡದೆ ಅವಳು ಕೊಡದ ನೀರನ್ನು ಪೂರ್ತಿ ಒಲೆಗೆ ಸುರಿದಳು. ಸೆರಗನ್ನು ಮೂಗಿಗೊತ್ತಿ, ನನ್ನನ್ನು ಪಕ್ಕಕ್ಕೆ ತಳ್ಳಿ ಒಳನುಗ್ಗಿ ಸಿಲಿಂಡರಿನ ವಾಲ್ವ್ ತಿರುಗಿಸಿದಳು. ಬುಸುಗುಟ್ಟುವುದು ನಿಂತಿತು.

"ಯಾರೂ ಸ್ವಿಚ್ ಮುಟ್ಬೇಡಿ. ಬಾಗಿಲು ತೆಗೆದಿಟ್ಟು ಎಲ್ಲ ಬೀದಿಗೆ ನಡೀರಿ. ಶಮೀಮ್, ಅಜ್ಜಿ ಕೈ ಹಿಡ್ಕೊ."

ಗುಬ್ಬಿಯ ಬೀಗರೆಲ್ಲ ಕತ್ತಲಲ್ಲಿ ಸಾಲಾಗಿ ನಡೆದು ಭದ್ರಮ್ಮನವರ ಜಗಲಿ ಸೇರಿದರು. ಯಾರ ಕೂದಲೂ ಕೊಂಕಲಿಲ್ಲ. ಭದ್ರಮ್ಮನವರು ಮಜ್ಜಿಗೆ ಕೊಟ್ಟು, "ಏನಮ್ಮ ಅಖ್ತರ್, ಇದೆಲ್ಲ ನಿಂಗೆ ಹೆಂಗ್ ಗೊತ್ತು?" ಎಂದರು.

"ಕನೆಕ್ಷನ್ ಕೊಟ್ಟ ದಿನ ಗ್ಯಾಸಿನವರು ಹೇಳಿರಲಿಲ್ವಾ ಭದ್ರಮ್ಮ? ಇವರೂ ಪಕ್ಕದಲ್ಲೇ ಇದ್ರು. ಕೇಳಿಸ್ಕೊಳ್ಳೋ ಬದಲು ಗ್ಯಾಸಿನವರಿಗೇ ಪಾಠ ಹೇಳ್ತಿದ್ರು."

ಮಸ್ತಾನ್ ಬೀ ಶಮೀಮಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. "ಹುಡುಗಿ ಕೈ ನಡುಗಲೇ ಇಲ್ಲ ಕಣಪ್ಪ. ಇಂಥ ಅತ್ತಿಗೆ ಕೈಲಿ ಪಳಗಿರೋಳು. ಇನ್ನೇನ್ ನೋಡ್ತೀಯ?" ಎಂದು ಮಗನಿಗೆ ಹೇಳಿದರು. ವಾಸನೆ ಪೂರ್ತಿ ಹೋದ ಮೇಲೆ ಅಖ್ತರ್ ಬಾನು ಮತ್ತೆ ಒಲೆ ಹೊತ್ತಿಸಿದಳು. ಅರೆಬೆಂದಿದ್ದ ಆ ಬಿರಿಯಾನಿಯನ್ನು ಹೇಗೆ ಉಳಿಸಿದಳೋ ನನಗಿಂದಿಗೂ ತಿಳಿದಿಲ್ಲ. ಕರೀಂ ಸಾಬರು ಎರಡು ಸಲ ಹಾಕಿಸಿಕೊಂಡರು.

ಮರುದಿನ ಅವಳೇ ಮುಂದೆ ನಿಂತು ಅರಮನೆ ಕೆಡವಿಸಿದಳು. ಹಿತ್ತಿಲ ಕೊನೆಯಲ್ಲಿ, ಮನೆಯಿಂದ ದೂರ, ನಾಲ್ಕು ಕಂಬ, ಮೇಲೊಂದು ತಗಡು, ಸುತ್ತ ಬರೀ ಗಾಳಿ. ನನ್ನ ಕೈವಾಡವನ್ನೆಲ್ಲ ಬಿಚ್ಚಿಸಿ ಮತ್ತೆ ಪೆಟ್ರೋಲಿಗೇ ಹೊಂದಿಸಿದಳು. ಸಿಲಿಂಡರ್ ಅಡುಗೆಮನೆಗೆ ಮರಳಿತು. ಜನರೇಟರ್ ಅಂದಿನಿಂದ ಒಮ್ಮೆಯೂ ಮುನಿಯಲಿಲ್ಲ.

ನಿಶ್ಚಿತಾರ್ಥದ ದಿನ ಎಲ್ಲ ಮಾತು ಮುಗಿದ ಮೇಲೆ ಕರೀಂ ಸಾಬರು ಗಂಟಲು ಸರಿಮಾಡಿಕೊಂಡರು.

"ನಮ್ಮ ಕಡೆಯಿಂದ ಒಂದೇ ಷರತ್ತು."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. ಸ್ಕೂಟರೋ, ಬಂಗಾರವೋ?

"ಮದುವೆ ದಿನ ಕರೆಂಟ್ ಹೋದ್ರೆ ಮನ್ಸೂರ್ ಭಾಯ್ ಕೂತ ಜಾಗದಿಂದ ಏಳಬಾರದು."

ನಾನು ಬಾಯಿ ತೆರೆಯುವಷ್ಟರಲ್ಲಿ ಪರದೆಯಾಚೆಯಿಂದ ಅಖ್ತರ್ ಬಾನು ನನ್ನ ಪರವಾಗಿ, ನಿಕಾಹಿನಲ್ಲಿ ಒಪ್ಪಿಗೆ ಹೇಳುವಂತೆ ಮೂರು ಸಲ, ಉತ್ತರ ಕೊಟ್ಟಾಗಿತ್ತು:

"ಕಬೂಲ್, ಕಬೂಲ್, ಕಬೂಲ್."