ನಿಂಗೆ ತಿಳಿದ ಹಾಗೆ ಮಾಡು

ಡಾರಲ್ ಕೊಸ್ಕಿಗೆ ಉಳಿದಿದ್ದ ಆಸೆ ಒಂದೇ: ಮನೆಯಲ್ಲಾದರೂ ಹಿಮದ ಸಲಿಕೆ ಮುಟ್ಟಬಾರದು. ಡುಲೂತ್‌ನ ಬೀದಿಗಳಲ್ಲಿ ಹಿಮ ತಳ್ಳುವ ಲಾರಿ ಓಡಿಸಿ ಓಡಿಸಿ ಅವನ ಸೊಂಟ ಬಿದ್ದುಹೋಗಿತ್ತು. ಅದಕ್ಕೇ ಆ ಶನಿವಾರ ಬೆಳಿಗ್ಗೆ ಅಕ್ಕಪಕ್ಕದವರ ಪಂದ್ಯಕ್ಕೆ ಹೂಂ ಅಂದುಬಿಟ್ಟ. ಡಾರಲ್ ಮನೆಯ ಕಂಪ್ಯೂಟರಿನಲ್ಲಿ ಮೂವರೂ ಸರದಿ ಪ್ರಕಾರ ತಮ್ಮ ತಮ್ಮ ಸಾಮ್ರಾಜ್ಯ ಕಟ್ಟುವ ಆಟ. ಎರಡು ಗಂಟೆಗೆ ಯಾರ ಅಂಕ ಕಡಿಮೆಯೋ ಅವರು ಚಳಿಗಾಲವಿಡೀ ಮೂರೂ ಮನೆಗಳ ಹಿಮ ಎತ್ತಬೇಕು.

“ನಾನು ಗೆದ್ರೆ ಸೋಮವಾರದ ತನಕ ಹೊಸ್ತಿಲು ದಾಟಲ್ಲ, ನೋಡ್ತಿರಿ,” ಎಂದ ಡಾರಲ್.

ಆಟದಲ್ಲಿ ಶತ್ರುಗಳ ಕಾಟ ಹೇಗೋ ತಡೆಯಬಹುದು, ಆಳುಗಳದ್ದು ಆಗದು. ಕಾಡು ಕಡಿಯಲು, ಹೊಲ ಮಾಡಲು, ಗಣಿ ತೋಡಲು, ರಸ್ತೆ ಹಾಕಲು ಹನ್ನೊಂದು ಮಂದಿ. ಒಬ್ಬನಿಗೆ ಕೆಲಸ ಹೇಳಿ ಉಸಿರು ಬಿಡುವಷ್ಟರಲ್ಲಿ ಇನ್ನೊಬ್ಬ ಸಲಿಕೆ ಹೆಗಲಿಗಿಟ್ಟು ‘ಮುಂದೇನು?’ ಎಂದು ಮಿನುಗುತ್ತ ನಿಲ್ಲುತ್ತಿದ್ದ.

“ಅಲ್ಲಿ ಹೊಲ ಮಾಡ್ಸೋ,” ಎಂದಳು ಎಡಮನೆ ಲೋರ್ನಾ.

“ಗುಡ್ಡದ ಮೇಲೆ ಎಂಥ ಹೊಲ! ಗಣಿ ತೋಡ್ಸು. ಅಥವಾ ತಡಿ, ಯೋಚನೆ ಮಾಡು,” ಎಂದ ಬಲಮನೆ ಮರ್ಲ್ ಹಾಗನ್. ಅಂಚೆ ಹಂಚಿ ನಿವೃತ್ತನಾದವ. ನಾಲ್ಕು ಸಲ ಕೇಳದೆ ಏನನ್ನೂ ಮಾಡಿದವನಲ್ಲ.

“ಇದು ನನ್ನ ರಾಜ್ಯ ಕಣ್ರೋ!”

“ನಿನ್ನ ಒಳ್ಳೇದಕ್ಕೇ ಹೇಳಿದ್ದಪ್ಪ,” ಎಂದ ಮರ್ಲ್.

ಹನ್ನೆರಡರ ಹೊತ್ತಿಗೆ ಡಾರಲ್‌ಗೆ ಸಾಕುಸಾಕಾಯಿತು. ಆಟದಲ್ಲೊಂದು ಗುಂಡಿಯಿತ್ತು, ಒತ್ತಿದರೆ ಆಳುಗಳು ಕೇಳದೆ ತಮಗೆ ತಿಳಿದ ಹಾಗೆ ಮಾಡಿಕೊಂಡು ಹೋಗುತ್ತಾರೆ. ಒತ್ತಿದ. ಮುಂದಿನ ಸರದಿಯಲ್ಲಿ ನೋಡಿದರೆ ಕಾಡು ನೆಲಸಮ, ಇದ್ದೊಂದು ಕಬ್ಬಿಣದ ಗಣಿ ಮುಚ್ಚಿ ಅದರ ಮೇಲೂ ಹೊಲ.

“ಇನ್ಮೇಲೆ ನಿನ್ನ ಸೈನಿಕರು ಜೋಳದ ದಂಟು ಹಿಡ್ಕೊಂಡೇ ಯುದ್ಧಕ್ಕೆ ಹೋಗ್ಬೇಕು!” ಲೋರ್ನಾ ಬಿದ್ದುಬಿದ್ದು ನಕ್ಕಳು. ಡಾರಲ್‌ಗೆ ಅಳುವೇ ಬಂತು.

ಆದರೆ ಹೊಲ ಹೆಚ್ಚಿ ಜನ ಹೆಚ್ಚಿದರು, ಜನ ಹೆಚ್ಚಿ ಅಂಕ ಹೆಚ್ಚಿತು. ಎರಡು ಗಂಟೆಗೆ ಡಾರಲ್ ಮೊದಲು, ಲೋರ್ನಾ ಆಮೇಲೆ. ‘ಇರಲಿ, ಯೋಚಿಸಿ ಹೇಳ್ತೀನಿ’ ಎಂದು ಅರ್ಧ ಆಳುಗಳನ್ನು ಸುಮ್ಮನೆ ನಿಲ್ಲಿಸಿಕೊಂಡಿದ್ದ ಮರ್ಲ್ ಕೊನೆ.

ಬೆಳಗಿನಿಂದ ಸುರಿದ ಹಿಮ ಆಗಲೇ ಮೊಣಕಾಲು ಮುಟ್ಟಿತ್ತು. ಮರ್ಲ್ ಸಲಿಕೆ ಹಿಡಿದು ಹೊರಗೆ ಹೋದ. ಡಾರಲ್ ಸೋಫಾ ಮೇಲೆ ಕಂಬಳಿ ಹೊದ್ದು ಮಲಗಿದ. ಆಹಾ, ಎಂಥ ಸುಖ!

ಕರೆಗಂಟೆ ಸದ್ದಾಯಿತು.

“ಡಾರಲ್, ಎಡಕ್ಕೆ ಹಾಕ್ಲಾ, ಬಲಕ್ಕೆ ಹಾಕ್ಲಾ?”

ಮತ್ತೆ ಗಂಟೆ. “ಮೆಟ್ಟಿಲು ಮೊದಲಾ, ದಾರಿ ಮೊದಲಾ?”

ಐದನೇ ಸಲ ಡಾರಲ್ ಕಣ್ಣು ಮುಚ್ಚಿಕೊಂಡೇ ಬಾಗಿಲು ತೆರೆದ. ಮರ್ಲ್ ಸಲಿಕೆ ಹೆಗಲಿಗಿಟ್ಟು ನಿಂತಿದ್ದ.

“ಮಾರಾಯ, ನಿಂಗೆ ತಿಳಿದ ಹಾಗೆ ಮಾಡು!”

ಆಮೇಲೆ ಗಂಟೆ ಸದ್ದಾಗಲಿಲ್ಲ. ಒಳ್ಳೇ ನಿದ್ದೆ ಬಂತು.

ನಾಲ್ಕಕ್ಕೆ ಎಬ್ಬಿಸಿದ್ದು ಫೋನು. “ಹಿಮ ನಿಲ್ತಾ ಇಲ್ಲ ಡಾರಲ್. ಅರ್ಧ ಗಂಟೇಲಿ ಬಂದು ಲಾರಿ ಹತ್ತು,” ಎಂದರು ಕೆಲಸದ ಮೇಲಧಿಕಾರಿ.

ಹೊರಗೆ ಬಂದು ನೋಡುತ್ತಾನೆ, ಮೂರೂ ಮನೆಗಳ ದಾರಿ ಗುಡಿಸಿಟ್ಟ ಹಾಗಿದೆ. ಅಷ್ಟೂ ಹಿಮ ಅವನು ಕೆಲಸಕ್ಕೆ ಹೋಗುವ ಪಿಕಪ್ ಗಾಡಿ ನಿಂತ ಕಡೆ ಗುಡ್ಡವಾಗಿದೆ. ಗುಡ್ಡದ ತುದಿಯಲ್ಲಿ ಗಾಡಿಯ ರೇಡಿಯೋ ಕಡ್ಡಿ ಮಾತ್ರ ಕಾಣುತ್ತಿದೆ.

“ಏನೋ ಇದು ಮರ್ಲ್!”

“ಸೋಮವಾರದ ತನಕ ಆಚೆ ಬರಲ್ಲ ಅಂದಿದ್ಯಲ್ಲೋ!” ತನ್ನ ಮನೆ ಕಿಟಕಿಯಿಂದ ಮರ್ಲ್ ಕೂಗಿದ. “ಒಂದು ಸಲ ಎತ್ತಿದ್ದನ್ನ ಮತ್ತೆ ಎತ್ತೋ ಮಾತು ಪಂದ್ಯದಲ್ಲಿರ್ಲಿಲ್ಲ. ಬಿಸಿನೀರಲ್ಲಿ ಕಾಲಿಟ್ಕೊಂಡು ಕೂತಿದ್ದೀನಿ ಈಗ.”

ಡಾರಲ್ ಸೊಂಟ ಹಿಡಿದುಕೊಂಡು ಸಲಿಕೆ ಎತ್ತಿಕೊಂಡ. ಮೊದಲ ಸಲಿಕೆ ತುಂಬಿ ಆಚೀಚೆ ನೋಡಿದ.

“ನನ್ನ ಕಡೆ ಬೇಡಪ್ಪ!” ಎಂದಳು ತನ್ನ ಬಾಗಿಲಲ್ಲಿ ನಿಂತ ಲೋರ್ನಾ.

“ಮತ್ತೆ ಇದನ್ನ ಎಲ್ಲಿ ಹಾಕ್ಲಿ?”

“ನಿಂಗೆ ತಿಳಿದ ಹಾಗೆ ಮಾಡು!” ಎಂದು ಮರ್ಲ್ ಕಿಟಕಿ ಮುಚ್ಚಿಕೊಂಡ.