ನಮ್ಮ ಶಿಶುವಿಹಾರದ ಬಿಟ್ಟಿ ವಕೀಲರು

ಬನ್ನಿ, ಚಾಪೆ ಹಾಸಿದೆ, ಕಾಲು ಚಾಚಿ ಕೂತುಕೊಳ್ಳಿ. ದುಡ್ಡು ಕೊಟ್ಟು ಮಾಡಿಸಿದ ಕೆಲಸದಲ್ಲಿ ಹೇಳುವಂಥ ಕಥೆ ಹುಟ್ಟುವುದಿಲ್ಲ. ಬಿಟ್ಟಿ ಮಾಡಿಸಿದ್ದರಲ್ಲಿ ದಿನಕ್ಕೊಂದು ಹುಟ್ಟುತ್ತದೆ.

ಆಗ ಮಾಟುಂಗದಲ್ಲಿ ನಮ್ಮ ಮಹಿಳಾ ಸಂಘ ಒಂದು ಚಾಳಿನ, ಅಂದರೆ ಬಾಡಿಗೆ ವಠಾರದ, ಕೆಳಗಿನ ಕೋಣೆಯಲ್ಲಿ ಶಿಶುವಿಹಾರ ನಡೆಸುತ್ತಿತ್ತು. ಎಲ್ಲ ಹೋಟೆಲ್ ಕೆಲಸದವರ ಮಕ್ಕಳು. ತಾಯಂದಿರು ನಾಲ್ಕು ಮನೆ ಪಾತ್ರೆ ತಿಕ್ಕಿ ಬರುವವರೆಗೆ ಅವು ಟ್ರಾಮಿನ ರಸ್ತೆಗೆ ಓಡದಂತೆ ಹಿಡಿದಿಡುವುದು ನನ್ನ ಕೆಲಸ. ಒಂದು ದಿನ ಮಾಲೀಕ ಸೇಠರ ನೋಟಿಸು ಬಂತು: ಗೋಡೆ ಬೀಳುವ ಹಾಗಿದೆ, ಕೋಣೆ ಖಾಲಿ ಮಾಡಿ. ನಿಜದಲ್ಲಿ ಅವರಿಗೆ ಈರುಳ್ಳಿ ತುಂಬಲು ಜಾಗ ಬೇಕಿತ್ತು.

ವಕೀಲರನ್ನು ಹುಡುಕಿದ್ದು

ಪಕ್ಕದ ಬಿಲ್ಡಿಂಗಿನಲ್ಲಿ ಮೈಸೂರು ಕಡೆಯ ವಕೀಲರೊಬ್ಬರಿದ್ದರು. 'ಸಂಘಕ್ಕೆ ತಮ್ಮ ಅಮೂಲ್ಯ ಸಹಕಾರ ಬೇಕು' ಎಂದು ನಮ್ಮ ಕಾರ್ಯದರ್ಶಿ ಎರಡು ಸಲ ಪತ್ರ ಬರೆದರು. ಉತ್ತರವಿಲ್ಲ. ನನಗೋ ಬರೆಯಲು ಬಾರದು. ಬಾಳೆಕಾಯಿ ಆರಿಸುತ್ತಿದ್ದ ಅವರ ಹೆಂಡತಿಯನ್ನೇ ಬಜಾರಿನಲ್ಲಿ ಹಿಡಿದೆ.

"ಭಾನುವಾರ ನಿಮ್ಮ ಯಜಮಾನರು ಏನು ಮಾಡ್ತಾರಮ್ಮ?"

"ಇನ್ನೇನು, ಸಾರಿಗೆ ಉಪ್ಪು ಯಾಕೆ ಹೆಚ್ಚಾಯ್ತು ಅಂತ ನನ್ನ ಹತ್ತಿರ ವಾದ ಮಾಡ್ತಾರೆ."

"ಒಂದೇ ಒಂದು ನೋಟಿಸು ಓದಬೇಕಿತ್ತು. ಆ ವಾದ ನಮಗೆ ಕೊಡ್ತೀರಾ?"

ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೇ ವಕೀಲರು ಬಂದು ನಿಂತಿದ್ದರು. ಕೋಟು, ಕೊಡೆ, ಎಲ್ಲವನ್ನೂ ಹೆಂಡತಿಯೇ ಕೈಗೆ ಕೊಟ್ಟು ಬಾಗಿಲು ಹಾಕಿಕೊಂಡಿದ್ದರಂತೆ.

ಗೋಡೆಯ ಪರೀಕ್ಷೆ

ಗೋಡೆ ಗಟ್ಟಿಯಿದೆ ಎಂದು ಬಲ್ಲವರೊಬ್ಬರು ಬರೆದುಕೊಡಬೇಕು ಅಂದರು ವಕೀಲರು. ಪರೇಲಿನ ಗಿರಣಿಯಲ್ಲಿದ್ದ ನಮ್ಮೂರ ಕಡೆಯ ಎಂಜಿನಿಯರನ್ನು ಕರೆದೆವು. ಬಿಟ್ಟಿ ಬಂದವರನ್ನು ಬರಿಹೊಟ್ಟೆಯಲ್ಲಿ ದುಡಿಸುವುದುಂಟೇ? ಮೊದಲು ಪತ್ರೊಡೆ, ಪಾಯಸ. ಉಂಡವರು ಗೋಡೆಗೆ ಒರಗಿದರು, ಗೊರಕೆ ಹೊಡೆದರು, ಎದ್ದು ಲೋಕಲ್ ರೈಲು ಹಿಡಿದರು. ಮೂರು ಭಾನುವಾರ ಹೀಗೇ.

ನಾಲ್ಕನೇ ವಾರ ನಾನು ಪಾತ್ರೆಯ ಮುಚ್ಚಳ ತೆಗೆಯಲಿಲ್ಲ. "ಮೊದಲು ಗೋಡೆ, ಆಮೇಲೆ ಎಲೆ."

"ಅಷ್ಟೇ ತಾನೇ ಅಕ್ಕ?" ಎಂದು ಎಂಜಿನಿಯರ್ ಸುತ್ತಿಗೆಯಿಂದ ಎರಡು ಕಡೆ ತಟ್ಟಿ, ಕಾಗದ ಬರೆದೇಬಿಟ್ಟರು.

"ಇಷ್ಟು ಬೇಗ ಹೇಗೆ ಗೊತ್ತಾಯ್ತು?"

"ಮೂರು ವಾರದಿಂದ ನನ್ನ ಭಾರ ಹೊತ್ತಿದೆಯಲ್ಲ, ಇನ್ನೇನು ಪರೀಕ್ಷೆ?"

ಕೋರ್ಟಿನ ಊಟ

ಆ ಕಾಗದಕ್ಕೂ ಬಗ್ಗದೆ ಸೇಠರು ಕೋರ್ಟಿಗೆ ಹೋದರು. ವಿಚಾರಣೆಯ ದಿನ ವಕೀಲರು ಎಚ್ಚರಿಸಿದ್ದರು, "ಸೇಠರ ಹತ್ತಿರ ಒಂದು ಮಾತೂ ಆಡಬೇಡಿ." ನಾನು ಆಡಲಿಲ್ಲ. ಆದರೆ ನಮ್ಮ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು, ಬುತ್ತಿ ಬಿಚ್ಚಿದೆ. ಸೇಠರು ಅದೇ ಬೆಂಚಿನಲ್ಲಿದ್ದರು. ಪಕ್ಕದಲ್ಲಿ ಕೂತವರನ್ನು ಬಿಟ್ಟು ಉಣ್ಣಲು ನನಗೆ ಬರುವುದಿಲ್ಲ. ಬಾಯಿ ಮುಚ್ಚಿಕೊಂಡೇ ಅವರಿಗೂ ಬಡಿಸಿದೆ.

ಎರಡನೇ ಸಲ ಹಾಕಿಸಿಕೊಂಡ ಮೇಲೆ ಅವರೇ ಹಿಂದಿಯಲ್ಲಿ ಕೇಳಿದರು, "ಈ ಊಟ ಮಕ್ಕಳಿಗೂ ಇದೆಯೇ?"

ತಲೆಯಾಡಿಸಿದೆ.

"ನನ್ನ ಮೊಮ್ಮಗ ಮನೆಯಲ್ಲಿ ಏನೂ ತಿನ್ನುವುದಿಲ್ಲ. ಸೇರಿಸಿಕೊಳ್ತೀರಾ?"

ಸೇಠರು ದಾವೆ ಹಿಂದಕ್ಕೆ ತೆಗೆದುಕೊಂಡರು, ಕೇಸು ಅಲ್ಲೇ ಮುಗಿಯಿತು. ವಕೀಲರ ಮುಖ ಮಾತ್ರ ಸಣ್ಣದಾಯಿತು. "ಫೀಸಂತೂ ಇಲ್ಲ. ವಾದವೂ ಇಲ್ಲವೇನಮ್ಮ?" ಆ ಮುಖ ನೋಡಲಾಗಲಿಲ್ಲ. ಶಿಶುವಿಹಾರಕ್ಕೆ ಕರೆತಂದು, ಮಕ್ಕಳನ್ನು ಸಾಲಾಗಿ ಕೂರಿಸಿ, "ಇಲ್ಲೇ ಹೇಳಿಬಿಡಿ" ಅಂದೆ.

ಕೋಟು ಸರಿಪಡಿಸಿಕೊಂಡು ಶುರುಮಾಡಿದರು. ಅರ್ಧ ಗಂಟೆಯಾದ ಮೇಲೆ ಒಂದು ಮಗು ಬೆರಳೆತ್ತಿತು. ವಕೀಲರು ಗಂಭೀರವಾಗಿ ತಿರುಗಿ, "ಏನು ಆಕ್ಷೇಪಣೆ?" ಎಂದರು.

"ಒಂದಕ್ಕೆ" ಅಂದಿತು ಮಗು.

"ಮಾನ್ಯ ಮಾಡಲಾಗಿದೆ" ಎಂದು ವಕೀಲರೇ ಬಾಗಿಲು ತೆರೆದರು.

ಆಮೇಲೆ ಅವರು ಪ್ರತಿ ಭಾನುವಾರ ಬಂದು ಮಕ್ಕಳಿಗೆ ಕಥೆ ಹೇಳಿದರು. ಅವರ ಹೆಂಡತಿ ನಮ್ಮ ಸಂಘದ ಅಧ್ಯಕ್ಷೆಯಾದರು. ಎಂಜಿನಿಯರ್ ದೂರದ ಭಾಂಡುಪಿನಲ್ಲಿ ಮನೆ ಮಾಡಿದರೂ, ಗೋಡೆ ನೋಡಲೆಂದು ಊಟದ ಹೊತ್ತಿಗೆ ಬರುತ್ತಲೇ ಇದ್ದರು. ಈರುಳ್ಳಿಗೆ ಬೇರೆ ಜಾಗ ಸಿಕ್ಕಿತು. ಸೇಠರ ಮೊಮ್ಮಗ ಮೈ ತುಂಬಿಕೊಂಡು, ಮನೆಯಲ್ಲೂ ಕನ್ನಡದಲ್ಲೇ ಹಟ ಹಿಡಿಯತೊಡಗಿದ. ಅವನನ್ನು ಬೈಯಲಿಕ್ಕೆಂದು ಸೇಠರು ನನ್ನ ಹತ್ತಿರ ಕನ್ನಡ ಕಲಿತರು.